ದುಂಡವ್ವ ನೆರಳಲ್ಲಿ ಒಣಗಿಸಿದ ಮರಿಗಳು

ಲೋಕ ಹೊಸದಾಗಿದ್ದ ಕಾಲದ ಮಾತು ಇದು. ಆಗಿನ್ನೂ ಭೂಮಿಯ ಮೈ ಪೂರ್ತಿ ಆರಿರಲಿಲ್ಲ. ಬೆಟ್ಟಗಳು ಇಲ್ಲಿ ಕೂರೋಣವೋ ಅಲ್ಲಿ ಕೂರೋಣವೋ ಎಂದು ಯೋಚಿಸುತ್ತಿದ್ದವು. ಹೊಳೆಗೆ ತಾನು ಯಾವ ಕಡೆ ಹರಿಯಬೇಕು ಎನ್ನುವುದು ಸರಿಯಾಗಿ ಗೊತ್ತಿರಲಿಲ್ಲ. ಒಂದು ದಿನ ಹುಣಸೆಮರದ ಈಚೆ ಹರಿದರೆ ಇನ್ನೊಂದು ದಿನ ಆಚೆ ಹರಿಯುತ್ತಿತ್ತು. ಮರ, ಗಾಳಿ, ನೀರು, ಬಿಸಿಲು ಎಲ್ಲಕ್ಕೂ ಮಾತು ಬರುತ್ತಿತ್ತು. ಕೆಲವಕ್ಕೆ ಬೇಕಾದ್ದಕ್ಕಿಂತ ಜಾಸ್ತಿಯೇ ಬರುತ್ತಿತ್ತು.

ಆ ಕಾಲದಲ್ಲಿ ಕಪ್ಪೆಗಳಲ್ಲಿ ಒಂದೇ ಜಾತಿ. ಎಲ್ಲ ಕಪ್ಪೆಗಳೂ ಹಸಿರಾಗಿ, ನುಣ್ಣಗೆ, ಎಣ್ಣೆ ಸವರಿದ ಹಾಗೆ ಹೊಳೆಯುತ್ತಿದ್ದವು. ಎಲ್ಲವೂ ಹೊಳೆಯಲ್ಲೇ ಇರುತ್ತಿದ್ದವು. ದಡ ಬಿಟ್ಟು ಬಿಸಿಲಲ್ಲಿ ಸ್ವಲ್ಪ ದೂರ ಹೋದರೂ ಮೈ ಒಣಗಿ ಜೀವ ಬಾಯಿಗೆ ಬರುತ್ತಿತ್ತು. ಮನೆಯ ಹಿತ್ತಲಲ್ಲಿ ಓಡಾಡುವ ನೆಲಗಪ್ಪೆ ಎನ್ನುವುದು ಆಗ ಇರಲೇ ಇಲ್ಲ. ಅದು ಹೇಗೆ ಬಂತು ಅಂದರೆ, ಒಬ್ಬ ಹೆಂಗಸು ಮಾಡಿದ ತಪ್ಪಿನಿಂದ ಬಂತು. ಆ ಹೆಂಗಸನ್ನು ಬೈಯಬೇಡಿ. ಕಥೆ ಮುಗಿಯುವವರೆಗಾದರೂ ಬೈಯಬೇಡಿ.

ಅವಳ ಹೆಸರು ದುಂಡವ್ವ. ಮಡಕೆ ಮಾಡುವುದು ಅವಳ ಕಸುಬು. ಮನೆಯ ಹಿತ್ತಲಲ್ಲಿ ಜೇಡಿಮಣ್ಣು ಅಗೆದು ಅಗೆದು ಅಲ್ಲೊಂದು ಹೊಂಡವೇ ಆಗಿತ್ತು. ಬೇಸಿಗೆಯ ಅಡ್ಡಮಳೆ ಬಂದಾಗ ಅದರಲ್ಲಿ ನೀರು ನಿಲ್ಲುತ್ತಿತ್ತು.

ದುಂಡವ್ವನಿಗೂ ನೀರಿಗೂ ಒಂದು ಹಳೆಯ ಜಗಳವಿತ್ತು. ಅವಳು ಈ ಕಸುಬಿಗೆ ಹೊಸಬಳಾಗಿದ್ದಾಗ, ಮೂರು ತಿಂಗಳು ತಿಗರಿಯ ಚಕ್ರದ ಮುಂದೆ ಕೂತು ಮಾಡಿದ ಮಡಕೆಗಳನ್ನೆಲ್ಲ ಅಂಗಳದಲ್ಲಿ ಇಟ್ಟಿದ್ದಳು. ಇನ್ನೂ ಸುಟ್ಟಿರಲಿಲ್ಲ. ಮಟಮಟ ಮಧ್ಯಾಹ್ನ ಎಲ್ಲಿಂದಲೋ ಮಳೆ ಬಂತು. ಎರಡು ಮಡಕೆ ಎತ್ತಿಕೊಂಡು ಒಳಗಿಟ್ಟು ಬರುವಷ್ಟರಲ್ಲಿ ಉಳಿದವೆಲ್ಲ ಕತ್ತು ಬಗ್ಗಿಸಿ, ಹೊಟ್ಟೆ ಕುಸಿದು, ಮತ್ತೆ ಮಣ್ಣಾಗಿ ಹೋಗಿದ್ದವು. ದುಂಡವ್ವ ಆ ಕೆಸರಿನಲ್ಲೇ ಕೂತು ಅತ್ತಿದ್ದಳು.

"ಯಾಕೆ ಹಿಂಗೆ ಮಾಡಿದೆ?" ಎಂದು ನೀರನ್ನು ಕೇಳಿದಳು.

"ನಾನೇನೂ ಮಾಡಿಲ್ಲ ಕಣವ್ವ. ಸುಮ್ಮನೆ ಬಂದೆ, ಹೋಗ್ತಾ ಇದೀನಿ," ಎಂದಿತ್ತು ನೀರು.

ಅವತ್ತಿನಿಂದ ದುಂಡವ್ವ ನೀರಿನ ಮಾತು ನಂಬುತ್ತಿರಲಿಲ್ಲ. ಹಸಿ ವಸ್ತುವನ್ನು ನೀರಿಗೆ ಸಿಕ್ಕಲು ಬಿಡುತ್ತಿರಲಿಲ್ಲ. ಮಡಕೆ ಮಾಡಿದ ಮೇಲೆ ಹೊಂಗೆಮರದ ಕೆಳಗೆ, ನೆಲಕ್ಕೆ ಅಂಟದಿರಲಿ ಎಂದು ಜರಡಿ ಹಿಡಿದ ಮರಳು, ಬೂದಿ ಹರಡಿ, ಅದರ ಮೇಲೆ ಇಡುತ್ತಿದ್ದಳು. ಬೇಗ ಒಣಗಿದರೆ ಬಿರುಕು ಬಿಡುತ್ತದೆಂದು ಮೇಲೊಂದು ಒದ್ದೆ ಬಟ್ಟೆ ಹೊದಿಸುತ್ತಿದ್ದಳು. ಮೊದಲು ನೆರಳು, ಆಮೇಲೆ ಬಿಸಿಲು, ಕೊನೆಗೆ ಬೆಂಕಿ. ಹೀಗೆ ಮಾಡಲು ಶುರು ಮಾಡಿದ ಮೇಲೆ ಅವಳ ಒಂದು ಮಡಕೆಯೂ ಒಡೆದಿರಲಿಲ್ಲ. ಅದರ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು.

ಒಂದು ದಿನ ಬೆಳಗ್ಗೆ ದುಂಡವ್ವ ಮಣ್ಣು ತುಳಿಯುತ್ತಿದ್ದಾಗ ಒಂದು ಕಪ್ಪೆ ಏದುಸಿರು ಬಿಡುತ್ತಾ ಹಿತ್ತಲಿಗೆ ಬಂತು. ಹೊಳೆಯಿಂದ ಅಷ್ಟು ದೂರ ಬಂದು ಅದರ ಮೈ ಸುಕ್ಕುಗಟ್ಟಿತ್ತು.

"ಅಕ್ಕ, ನಿನ್ನ ಹೊಂಡದಲ್ಲಿ ಮೀನು ಐತಾ?" ಎಂದು ಕೇಳಿತು.

"ಮಣ್ಣು ತೆಗೆದ ಗುಂಡಿಯಲ್ಲಿ ಮೀನು ಎಲ್ಲಿಂದ ಬರ್ತದವ್ವ?" ಎಂದಳು ದುಂಡವ್ವ.

ಅಷ್ಟು ಕೇಳಿದ್ದೇ ಕಪ್ಪೆ ಅಲ್ಲೇ ಕೂತು ಕಣ್ಣೀರು ಹಾಕಿತು. "ಆರು ಸಲ ಮೊಟ್ಟೆ ಇಟ್ಟೆ ಅಕ್ಕ. ಆರು ಸಲವೂ ತಿಂದ್ರು. ಮೊಟ್ಟೆ ಮೀನು ತಿಂತು. ಉಳಿದ ಮರೀನ ಕೊಕ್ಕರೆ ತಿಂತು. ಒಂದು ಮರಿ ಅಂದ್ರೆ ಒಂದು ಮರೀನೂ ನನ್ನ ಮುಂದೆ ಬೆಳೀಲಿಲ್ಲ. ಈ ಸಲ ನಿನ್ನ ಹೊಂಡದಲ್ಲಿ ಇಡ್ತೀನಿ. ನೋಡ್ಕೋತೀಯಾ?"

ದುಂಡವ್ವ ಮಣ್ಣು ತುಳಿಯುವುದನ್ನು ನಿಲ್ಲಿಸಿದಳು. ಮಾಡಿದ್ದೆಲ್ಲ ಕಣ್ಣ ಮುಂದೆಯೇ ಹೋಗುವುದು ಎಂದರೆ ಏನು ಎಂಬುದು ಅವಳಿಗೆ ಗೊತ್ತಿತ್ತು.

"ಇಡು ತಂಗಿ. ನಾನು ನೋಡ್ಕೋತೀನಿ."

ಕಪ್ಪೆ ಹೊಂಡಕ್ಕೆ ಇಳಿಯಿತು. ಹೊಳೆಯಲ್ಲಿ ಮೊಟ್ಟೆಗಳನ್ನು ಒಂದೇ ಗುಂಪಾಗಿ ಇಟ್ಟಿದ್ದಕ್ಕೆ ಮೀನು ಒಂದೇ ಬಾಯಿಗೆ ನುಂಗಿತ್ತಲ್ಲ, ಅದಕ್ಕೆ ಈ ಸಲ ಉದ್ದಕ್ಕೆ ಕರಿಮಣಿ ಸರದ ಹಾಗೆ ಪೋಣಿಸಿ, ನೀರಿನೊಳಗಿನ ಹುಲ್ಲಿಗೆ ಸುತ್ತಿ ಸುತ್ತಿ ಇಟ್ಟಿತು. ಮೇಲೆ ಬಂದು ಹೇಳಿತು: "ನಾನು ಇಲ್ಲೇ ಇದ್ರೆ ಒಣಗಿ ಸಾಯ್ತೀನಿ ಅಕ್ಕ. ಹೊಳೆಗೆ ಹೋಗ್ಬೇಕು. ಮುಂಗಾರಿನ ಮೊದಲ ಮಳೆಗೆ ಬಂದು ಮಕ್ಕಳನ್ನ ಕರ್ಕೊಂಡು ಹೋಗ್ತೀನಿ."

"ಹೋಗ್ಬಾ. ಒಂದೂ ಒಡೀದೆ ಇರೋ ಹಂಗೆ ಕೊಡ್ತೀನಿ," ಎಂದಳು ದುಂಡವ್ವ. ಮಡಕೆ ಕೊಳ್ಳುವವರಿಗೆ ಹೇಳುತ್ತಿದ್ದ ಮಾತು, ಬಾಯಿಗೆ ಬಂದುಬಿಟ್ಟಿತು.

ಮೂರನೇ ದಿನಕ್ಕೆ ಮೊಟ್ಟೆಯೊಡೆದು ಗೊದಮೊಟ್ಟೆಗಳು ಹೊರಬಂದವು. ಎಳ್ಳಿನಷ್ಟು ತಲೆ, ಅದಕ್ಕೊಂದು ಬಾಲ. ಕಪ್ಪೆಂದರೆ ಕಪ್ಪು. ಹೊಂಡದ ತುಂಬ ಸುಳಿದಾಡುತ್ತಿದ್ದವು. ದುಂಡವ್ವ ಅರ್ಧ ಮಾಡಿದ ಮಡಕೆಯನ್ನು ತಿಗರಿಯ ಮೇಲೇ ಬಿಟ್ಟು ಹೊಂಡದ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದಳು. ಅವಳು ನೀರಿಗೆ ಬೆರಳು ಅದ್ದಿದರೆ ಅವೆಲ್ಲ ಬಂದು ಬೆರಳಿಗೆ ಬಾಯಿ ಹಚ್ಚುತ್ತಿದ್ದವು. ಕಚಗುಳಿಯಾಗಿ ಅವಳು ಒಬ್ಬಳೇ ನಗುತ್ತಿದ್ದಳು.

ಮೊದಮೊದಲು ಅವಳಿಗೆ ಏನು ತಿನ್ನಿಸಬೇಕು ಎಂದೇ ತಿಳಿಯಲಿಲ್ಲ. ತಾನು ತಿನ್ನುವ ರಾಗಿಮುದ್ದೆಯನ್ನೇ ಮುರಿದು ಹಾಕಿದಳು. ಎರಡೇ ದಿನಕ್ಕೆ ನೀರು ಹುಳಿವಾಸನೆ ಹೊಡೆಯಿತು. ಗಾಳಿ ಮೂಗು ಮುಚ್ಚಿಕೊಂಡು ಬಂದು, "ಏನವ್ವ ಇದು? ಹುಟ್ಟಿ ಇನ್ನೂ ನಾಲ್ಕು ದಿನ ಆಗಿಲ್ಲ, ಮುದ್ದೆ ನುಂಗಿಸ್ತಿದೀಯ. ಸೊಪ್ಪು ಬೇಯಿಸಿ ಹಾಕು," ಎಂದು ಹೇಳಿ ಹೋಯಿತು. ದುಂಡವ್ವ ದಂಟಿನ ಸೊಪ್ಪನ್ನು ಮೆತ್ತಗೆ ಬೇಯಿಸಿ, ಚಿವುಟಿ ಚಿವುಟಿ ಹಾಕಿದಳು. ಮರಿಗಳು ಮುಗಿಬಿದ್ದು ತಿಂದವು.

ಬಿಸಿಲು ಏರಿತು. ಹೊಂಡ ದಿನದಿನಕ್ಕೂ ಬತ್ತಿತು. "ನನ್ನ ಕೈಲಿ ಇನ್ನು ಆಗಲ್ಲ ದುಂಡವ್ವ. ಇವನ್ನ ಎತ್ತಿಕೊ," ಎಂದಿತು ಹೊಂಡ. ದುಂಡವ್ವ ತನ್ನಲ್ಲಿದ್ದ ಅಗಲ ಬಾಯಿಯ ದೊಡ್ಡ ಬಾನಿಯನ್ನು ಹೊಂಗೆಮರದ ಕೆಳಗಿಟ್ಟು, ಹೊಳೆಯಿಂದ ನೀರು ಹೊತ್ತು ತಂದು ತುಂಬಿಸಿದಳು. ಮರಿಗಳನ್ನು ಬೊಗಸೆ ಬೊಗಸೆಯಾಗಿ ಎತ್ತಿ ಅದಕ್ಕೆ ಬಿಟ್ಟಳು. ದಿನಾ ಹಳೆ ನೀರು ತೆಗೆದು ಹೊಸ ನೀರು ಹಾಕುವುದು. ದಿನಾ ಸೊಪ್ಪು ಬೇಯಿಸುವುದು. ಮಡಕೆ ಮಾಡುವುದೇ ನಿಂತುಹೋಯಿತು.

ಒಂದು ದಿನ ಮರಿಗಳಿಗೆ ಹಿಂಗಾಲು ಬಂದವು. ಆಮೇಲೆ ಕೆಲವಕ್ಕೆ ಮುಂಗಾಲೂ ಬಂದವು. "ಹಿಡಿಕೆ ಬಂತು, ಹಿಡಿಕೆ ಬಂತು," ಎಂದು ದುಂಡವ್ವ ಖುಷಿಪಟ್ಟಳು.

ಆದರೆ ಅದರ ಮರುದಿನ ಮುಂಗಾಲು ಬಂದ ಮರಿಗಳು ಸೊಪ್ಪು ಮೂಸಿಯೂ ನೋಡಲಿಲ್ಲ. ಅದರ ಮರುದಿನವೂ ನೋಡಲಿಲ್ಲ. ಕೆನ್ನೆ ಇಳಿದುಹೋಯಿತು. ಮೈ ಬಡವಾಯಿತು. ದುಂಡವ್ವ ಬಗ್ಗಿ ನೋಡಿದಳು. ನಿನ್ನೆ ಜೀರಿಗೆಯಷ್ಟು ಉದ್ದವಿದ್ದ ಬಾಲ ಇವತ್ತು ಸಾಸಿವೆಯಷ್ಟಾಗಿತ್ತು. ಬಾನಿಯ ತಳದಲ್ಲಿ ಹುಡುಕಿದಳು. ಉದುರಿದ ಬಾಲ ಒಂದೂ ಇರಲಿಲ್ಲ. ಉದುರಿಲ್ಲ ಅಂದರೆ ಕರಗುತ್ತಿದೆ. ಮಡಕೆ ಕರಗಿದ್ದನ್ನು ಕಂಡವಳಿಗೆ ಇನ್ನೇನು ಹೊಳೆಯಬೇಕು?

"ಏನ್ ಮಾಡ್ತಾ ಇದೀಯ ನನ್ನ ಮಕ್ಕಳಿಗೆ?" ಎಂದು ಬಾನಿಯ ನೀರನ್ನು ಕೇಳಿದಳು.

"ನಾನೇನೂ ಮಾಡ್ತಿಲ್ಲ ಕಣವ್ವ," ಎಂದಿತು ನೀರು.

"ಅವತ್ತೂ ನೀನು ಹಿಂಗೇ ಅಂದಿದ್ದೆ."

"ಅವತ್ತಿನದು ಬೇರೆ. ಅವತ್ತು ನನ್ನಿಂದಲೇ ಆಯ್ತು, ಒಪ್ಕೋತೀನಿ. ಇವತ್ತು ಮಾತ್ರ ನನ್ನ ಮಾತು ಕೇಳು. ಇವು ಕರಗ್ತಾ ಇಲ್ಲ."

ಪಾಪ, ನೀರು ಆ ಒಂದು ಸಲ ನಿಜವನ್ನೇ ಹೇಳಿತ್ತು. ಆದರೆ ನಂಬಿಕೆ ಹೋದ ಮೇಲೆ ನಿಜ ಹೇಳಿದರೂ ಯಾರು ಕೇಳುತ್ತಾರೆ? ಬಿಸಿಲು ಮರದ ಎಲೆಗಳ ಸಂದಿಯಿಂದ ಇಣುಕಿ, "ನನಗೆ ಕೊಡು ದುಂಡವ್ವ, ಒಂದು ಗಳಿಗೇಲಿ ಗಟ್ಟಿ ಮಾಡಿಕೊಡ್ತೀನಿ," ಎಂದಿತು. "ನೀನು ಸುಮ್ನಿರಪ್ಪ. ನಿನ್ನ ಕೈಗೆ ಹಸೀದು ಕೊಟ್ರೆ ಬಿರುಕು ಬಿಡಿಸ್ತೀಯ," ಎಂದಳು ಅವಳು.

ತನಗೆ ಗೊತ್ತಿದ್ದ ಒಂದೇ ದಾರಿ ಹಿಡಿದಳು. ಹೊಂಗೆಮರದ ನೆರಳಲ್ಲಿ ಜರಡಿ ಹಿಡಿದ ಮರಳು, ಬೂದಿ ಹರಡಿದಳು. ಬಾನಿಯಿಂದ ಮರಿಗಳನ್ನು ಒಂದೊಂದಾಗಿ ಎತ್ತಿ, ಹಸಿ ಮಡಕೆ ಇಡುವಷ್ಟೇ ಜೋಪಾನವಾಗಿ ಅದರ ಮೇಲೆ ಇಟ್ಟಳು. ನಾಲ್ಕು ಕಾಲು ಬಂದವನ್ನೂ ಇಟ್ಟಳು, ಎರಡೇ ಕಾಲು ಬಂದವನ್ನೂ ಇಟ್ಟಳು. ಅವು ಅತ್ತ ಇತ್ತ ಹೊರಳಿ ಮೈತುಂಬ ಮರಳು ಮೆತ್ತಿಕೊಂಡವು. ಮೇಲೆ ತನ್ನ ಹಳೆಯ ಸೀರೆಯ ತುಂಡನ್ನು ಒದ್ದೆ ಮಾಡಿ ಹೊದಿಸಿದಳು. "ಇನ್ನು ಕರಗಲ್ಲ ಬಿಡ್ರವ್ವ," ಎಂದು ಸಮಾಧಾನ ಮಾಡಿ, ಒಲೆ ಹಚ್ಚಲು ಒಳಗೆ ಹೋದಳು.

ಅಡುಗೆ ಮುಗಿಸಿ ಬಂದು ಬಟ್ಟೆ ಸರಿಸಿದಳು. ಬಹಳ ಮರಿಗಳು ಮಿಸುಕಾಡುತ್ತಿದ್ದವು. ಏಳು ಮಾತ್ರ ಮಿಸುಕಲಿಲ್ಲ. ಅವಕ್ಕೆ ಎರಡೇ ಕಾಲು, ಉದ್ದನೆಯ ಬಾಲ. ದುಂಡವ್ವ ಒಂದನ್ನು ಅಂಗೈಯಲ್ಲಿಟ್ಟುಕೊಂಡು ಉಸಿರು ಊದಿದಳು. ನೀರು ಚಿಮುಕಿಸಿದಳು. ಅದು ಏಳಲಿಲ್ಲ.

ಆಗ ಒಂದು ಮರಿ ಅವಳ ಹೆಬ್ಬೆರಳ ಮೇಲೆ ಹತ್ತಿ ಕೂತಿತು. ಅದಕ್ಕೆ ನಾಲ್ಕೂ ಕಾಲು ಬಂದಿತ್ತು, ಬಾಲ ಇಷ್ಟೇ ಇಷ್ಟು ಉಳಿದಿತ್ತು.

"ಅವ್ವ, ನಮ್ಮನ್ನ ಯಾಕೆ ಹೊರಗೆ ತಂದೆ?"

"ಕರಗಿ ಹೋಗ್ತಾ ಇದ್ರಲ್ಲ ಮಗ."

"ಕರಗ್ತಾ ಇರಲಿಲ್ಲ ಅವ್ವ. ಬಾಲ ನಮ್ಮ ಬುತ್ತಿ. ಈಗ ನಮಗೆ ಸೊಪ್ಪು ತಿನ್ನೋ ಬಾಯಿ ಹೋಗಿ, ಹುಳ ತಿನ್ನೋ ಬಾಯಿ ಬರ್ತಾ ಐತೆ. ಹೊಸ ಬಾಯಿ ಬರೋವರೆಗೂ ಏನೂ ತಿನ್ನಕ್ಕಾಗಲ್ಲ. ಅಲ್ಲೀತನಕ ಬಾಲಾನೇ ಒಳಗಿಂದ ಒಳಗೇ ತಿಂತೀವಿ."

ದುಂಡವ್ವ ತಲೆಯ ಮೇಲೆ ಕೈಹೊತ್ತು ಕೂತಳು. ಅವಳ ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯಿತು. ಹೆಬ್ಬೆರಳ ಮೇಲಿದ್ದ ಮರಿಯ ಬೆನ್ನು ಸವರಿದಳು.

"ಅಳ್ತಾ ಕೂರಬೇಡ," ಎಂದಿತು ಬಾನಿಯ ನೀರು, ಮೆತ್ತಗೆ. "ಎರಡು ಕಾಲಿನವನ್ನ ಬೇಗ ನನಗೆ ಕೊಡು. ಅವಕ್ಕೆ ಇನ್ನೂ ನಾನು ಬೇಕು. ನಾಲ್ಕು ಕಾಲಿನವಕ್ಕೆ ಬೇಡ. ಅವು ನನ್ನಲ್ಲೇ ಇದ್ರೆ ಮುಳುಗಿ ಸಾಯ್ತವೆ. ಇವತ್ತು ನೀನು ಅವನ್ನ ಹೊರಗೆ ತಂದಿದ್ದು ಒಳ್ಳೇದೇ ಆಯ್ತು."

ದುಂಡವ್ವ ನೀರು ಹೇಳಿದ ಹಾಗೆಯೇ ಮಾಡಿದಳು. ಎರಡು ಕಾಲಿನವನ್ನು ಮತ್ತೆ ಬಾನಿಗೆ ಬಿಟ್ಟಳು. ಕಾಲು ಬಂದ ಹಾಗೆ ತಾವಾಗಿಯೇ ಹತ್ತಿ ಬರಲಿ ಎಂದು ಒಂದು ದೊಡ್ಡ ಮಡಕೆ ಚೂರನ್ನು ಓರೆಯಾಗಿ ನೀರಿಗೆ ಇಳಿಸಿ ಇಟ್ಟಳು. ಸತ್ತ ಏಳನ್ನು ಹೊಂಗೆಮರದ ಬುಡದಲ್ಲಿ ಮಣ್ಣು ಮಾಡಿದಳು. ಅವತ್ತು ಅವಳು ಊಟ ಮಾಡಲಿಲ್ಲ.

ಮರಿಗಳು ಉಳಿದವು. ಹೊಸ ಬಾಯಿ ಬಂತು, ಇರುವೆ ಗೆದ್ದಲು ಹಿಡಿದು ತಿಂದು ಗುಂಡಗಾದವು. ಆದರೆ ಮೈಗೆ ಮೆತ್ತಿದ ಮರಳು ಮಾತ್ರ ಹೋಗಲಿಲ್ಲ. ಹಸಿ ಚರ್ಮಕ್ಕೆ ಅಂಟಿದ್ದ ಕಣಗಳು ಚರ್ಮದೊಳಗೇ ಸೇರಿ ಗುಳ್ಳೆಗುಳ್ಳೆಯಾಗಿ ನಿಂತವು. ಬೂದಿ ಹೀರಿಕೊಂಡು ಮೈಯೆಲ್ಲ ಮಣ್ಣಿನ ಬಣ್ಣವಾಯಿತು. ಬಾನಿಯಲ್ಲಿ ಉಳಿದಿದ್ದವೂ ಹೊರಗೆ ಬಂದಾಗ ಅದೇ ಮರಳಿನ ಮೇಲೆ ಹೊರಳಿ, ಅಣ್ಣಂದಿರ ಹಾಗೆಯೇ ಆದವು. ದುಂಡವ್ವ ಮೆತ್ತನೆ ಬಟ್ಟೆ ಒದ್ದೆ ಮಾಡಿ ಒಂದೊಂದನ್ನೇ ಒರೆಸಿ ನೋಡಿದಳು. ಒರೆಸಿದಷ್ಟೂ ಒರಟು.

ಮುಂಗಾರಿನ ಮೊದಲ ಮಳೆ ಬಂತು. ಮಳೆಯ ಬೆನ್ನಿಗೇ ತಾಯಿಕಪ್ಪೆ ಕುಪ್ಪಳಿಸುತ್ತಾ ಬಂತು.

"ಅಕ್ಕ, ಎಲ್ಲಿ ನನ್ನ ಮಕ್ಕಳು?"

ದುಂಡವ್ವ ಹೊಂಗೆಮರದ ಕಡೆ ಕೈ ತೋರಿಸಿದಳು. ತಾಯಿಕಪ್ಪೆ ನೋಡಿತು. ಮರದಡಿಯಲ್ಲಿ ಮಣ್ಣುಹೆಂಟೆಗಳು ಕೂತಿದ್ದವು. ಒಂದು ಹೆಂಟೆ ಕಣ್ಣು ಪಿಳುಕಿಸಿತು.

"ಇವು ನನ್ನವಲ್ಲ," ಎಂದಿತು ತಾಯಿಕಪ್ಪೆ. "ನನ್ನ ಮಕ್ಕಳು ನುಣ್ಣಗಿರ್ತವೆ. ಇವ್ಯಾವು?"

"ನಿನ್ನವೇ ತಂಗಿ. ನಾನೇ ಹಿಂಗೆ ಮಾಡಿದೆ." ದುಂಡವ್ವ ನಡೆದದ್ದನ್ನೆಲ್ಲ ಹೇಳಿದಳು. ಏಳು ಸತ್ತದ್ದನ್ನೂ ಮುಚ್ಚಿಡಲಿಲ್ಲ. "ಒಂದೂ ಒಡೀದೆ ಕೊಡ್ತೀನಿ ಅಂದಿದ್ದೆ. ಏಳು ಒಡೆದೆ. ಉಳಿದವನ್ನ ಕೆಡಿಸಿದೆ. ನೀನು ಏನಂದ್ರೂ ಕೇಳಿಸ್ಕೋತೀನಿ."

ತಾಯಿಕಪ್ಪೆ ಮರಿಗಳ ಬೆನ್ನನ್ನು ಒಂದೊಂದಾಗಿ ನೋಡಿತು. ಆಮೇಲೆ, "ಈ ಮೈ ಇಟ್ಕೊಂಡು ಹೊಳೇಲಿ ಹೆಂಗೆ ಬದುಕ್ತವೆ ಅಕ್ಕ?" ಎಂದು ಕೇಳಿತು. ಬೈದಿದ್ದರೆ ದುಂಡವ್ವನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಮಳೆ ನಿಂತು ಬಿಸಿಲು ಬಂತು. ಬಿಸಿಲು ಬಿದ್ದ ಕೂಡಲೇ ತಾಯಿಕಪ್ಪೆ ಒದ್ದಾಡಿಕೊಂಡು ಹೊಂಡದ ನೀರಿಗೆ ಹಾರಿತು. ಮರಿಗಳು ಹಾರಲಿಲ್ಲ. ಹೊಂಡದ ಮೇಲುಗಡೆ, ಹಸಿ ಮಣ್ಣಿನ ಮೇಲೆ ಹಾಯಾಗಿ ಓಡಾಡಿಕೊಂಡಿದ್ದವು. ಅವುಗಳ ದಪ್ಪ ಚರ್ಮಕ್ಕೆ ಬಿಸಿಲು ನಾಟಲೇ ಇಲ್ಲ.

ಅಷ್ಟರಲ್ಲಿ ಕೊಕ್ಕರೆ ಬಂತು. ಹೊಳೆಯ ಕೊಕ್ಕರೆಯೇ, ತಾಯಿಕಪ್ಪೆ ಹೋದ ದಾರಿ ನೋಡಿಕೊಂಡೇ ಬಂದಿತ್ತು. ದುಂಡವ್ವ ಕಟ್ಟಿಗೆ ಎತ್ತಿಕೊಂಡು ಓಡಿದಳು. ಓಡಿ ತಲುಪುವಷ್ಟರಲ್ಲಿ ಕೊಕ್ಕರೆ ಒಂದು ಮರಿಯನ್ನು ಕೊಕ್ಕಿನಲ್ಲಿ ಎತ್ತಿಯಾಗಿತ್ತು. ನೀರಿನಲ್ಲಿದ್ದ ತಾಯಿಕಪ್ಪೆ ಕಣ್ಣು ಮುಚ್ಚಿಕೊಂಡಿತು. ಆರು ಸಲ ನೋಡಿದ್ದನ್ನು ಏಳನೇ ಸಲ ನೋಡಲು ಅದಕ್ಕೆ ಶಕ್ತಿಯಿರಲಿಲ್ಲ.

ಕೊಕ್ಕರೆ ಮರಿಯನ್ನು ಗಂಟಲಿಗೆ ಇಳಿಸಲು ಕತ್ತು ಎತ್ತಿತು. ಕತ್ತು ಎತ್ತಿದ್ದು ಹಾಗೇ ನಿಂತಿತು. ನಾಲಿಗೆಗೆ ಮರಳು ಕರಕರ ಎಂದಿತು, ಬೂದಿಯ ಕಹಿ ನೆತ್ತಿಗೇರಿತು. "ಥೂ," ಎಂದು ಉಗಿಯಿತು. ಇನ್ನೊಂದು ಸಲ ಉಗಿಯಿತು. ಹೊಂಡದಲ್ಲಿ ಬಾಯಿ ಮುಕ್ಕಳಿಸಿ, "ಎಂಥ ಮಕ್ಕಳನ್ನ ಹೆತ್ತಿದೀಯೆ ತಾಯಿ, ತಿನ್ನೋರಿಗೆ ಮರ್ಯಾದೆ ಇಲ್ಲ," ಎಂದು ಬೈದುಕೊಂಡು ಹಾರಿಹೋಯಿತು.

ಮರಿ ಕೆಳಗೆ ಬಿದ್ದಲ್ಲಿಂದ ಎದ್ದು, ಮೈ ಕೊಡವಿ, ಪಕ್ಕದಲ್ಲಿ ಹೋಗುತ್ತಿದ್ದ ಇರುವೆಯೊಂದನ್ನು ತಿಂದಿತು.

ತಾಯಿಕಪ್ಪೆ ಕಣ್ಣು ಬಿಟ್ಟಿತು. ಮರಿಯನ್ನು ನೋಡಿತು. ಬಿಸಿಲನ್ನೂ ಲೆಕ್ಕಿಸದೆ ನೀರಿನಿಂದ ಮೇಲೆ ಬಂದು, ಆ ಒರಟು ಬೆನ್ನಿಗೆ ತನ್ನ ನುಣುಪು ಕೆನ್ನೆ ಒತ್ತಿತು.

"ಅಕ್ಕ, ಆರು ಸಲ ನನ್ನ ಮಕ್ಕಳು ಚೆಂದವಾಗೇ ಇದ್ರು. ಒಬ್ಬರೂ ಉಳೀಲಿಲ್ಲ. ಇವು ನನ್ನವೇ. ಇವು ಉಳೀತವೆ."

ದುಂಡವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆ ಏಳು?" ಎಂದಳು.

"ಆ ಏಳಕ್ಕೆ ಇಬ್ಬರೂ ಅಳೋಣ," ಎಂದಿತು ತಾಯಿಕಪ್ಪೆ. ಇಬ್ಬರೂ ಅತ್ತರು.

ಮೋಡ ಕವಿದ ಮೇಲೆ ತಾಯಿಕಪ್ಪೆ ಹೊಳೆಗೆ ಹೊರಟಿತು. ಮರಿಗಳು ಅದರ ಜೊತೆ ದಡದವರೆಗೂ ಹೋಗಿ, ಹರಿಯುವ ನೀರನ್ನು ನೋಡಿ, ವಾಪಸು ಹಿತ್ತಲಿಗೇ ಬಂದವು. ತಾಯಿ ಬೇಡ ಎನ್ನಲಿಲ್ಲ. ಅವು ನೆಲಗಪ್ಪೆಗಳಾದವು. ಹಗಲೆಲ್ಲ ದುಂಡವ್ವನ ಮಡಕೆಗಳ ತಣ್ಣನೆಯ ಮರೆಯಲ್ಲಿ ಕೂತು, ಬಿಸಿಲು ಇಳಿದ ಮೇಲೆ ಹುಳ ಹುಡುಕಲು ಹೊರಡುತ್ತಿದ್ದವು. ದೊಡ್ಡವಾದ ಮೇಲೆ ಮೊಟ್ಟೆಯಿಡಲು ಮಾತ್ರ ನೀರಿಗೆ ಇಳಿದವು. ಇಟ್ಟ ಮೊಟ್ಟೆ ಸರವಾಗಿಯೇ ಇತ್ತು. ಅದರಿಂದ ಬಂದ ಮರಿಗಳಿಗೆ ಯಾರೂ ಮರಳು ಮೆತ್ತಲಿಲ್ಲ, ಆದರೂ ಬೆನ್ನು ಒರಟಾಗಿಯೇ ಬಂತು.

ಅದಕ್ಕೇ ಮಕ್ಕಳೇ, ನಮ್ಮ ಹಿತ್ತಲಿನ ನೆಲಗಪ್ಪೆಯ ಮೈ ಇವತ್ತಿಗೂ ಮುಟ್ಟಿದರೆ ಮರಳು ಮರಳಾಗಿರುವುದು, ಮತ್ತು ನಾಯಿಮರಿ ಅದನ್ನು ಬಾಯಲ್ಲಿ ಕಚ್ಚಿದ ಮರುಗಳಿಗೆಯೇ ಉಗಿದು, ಮುಖ ಸಿಂಡರಿಸಿಕೊಂಡು ಓಡಿದರೂ ಅದು ಏನೂ ಆಗದವರ ಹಾಗೆ ಅಲ್ಲೇ ಕೂತು ಕಣ್ಣು ಪಿಳುಕಿಸುವುದು.